ಆ ಫೋಟೊದಲ್ಲಿರುವುದು ಬಿಸಿಯೂಟವಲ್ಲ, ಗೊಬ್ಬರದ ಡ್ರಮ್

"ಶಾಲೆಯ ಬಿಸಿಯೂಟದಲ್ಲಿ ಹುಳ, ಮಕ್ಕಳಿಗೆ ಇದನ್ನೇ ಬಡಿಸ್ತಾರೆ" ಎಂಬ ಬರಹದ ಜೊತೆ ಒಂದು ಫೋಟೊ ಬೀದರ್ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಶಾಲೆಗೆ ಹೋಗಿ ನೋಡಿ ಬಂದೇ ಬರೆಯುತ್ತಿದ್ದೇನೆ. ಅದು ಅಡುಗೆ ಪಾತ್ರೆಯಲ್ಲ. ತಟ್ಟೆಯಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆಯನ್ನೆಲ್ಲ ಮಕ್ಕಳು ಹಾಕುವ ಗೊಬ್ಬರದ ಡ್ರಮ್. ಅಡುಗೆ ಕೋಣೆಯಿಂದ ದೂರ, ಮೈದಾನದ ಆಚೆ ಇದೆ.

ಒಳಗಿರುವವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳಗಳು. ಬೇಕೆಂದೇ ಬಿಟ್ಟಿದ್ದು. ಎರಡು ಮೂರು ವಾರ ಎಂಜಲು ತಿಂದು ದಪ್ಪಗಾಗುತ್ತವೆ. ಅವು ಬಿಟ್ಟದ್ದು ಗಿಡಗಳಿಗೆ ಗೊಬ್ಬರ, ಬಲಿತ ಹುಳ ಕೋಳಿಗೆ ಒಳ್ಳೆಯ ಮೇವು. ಕಾವು ಜಾಸ್ತಿಯಾದರೆ ಸತ್ತುಹೋಗುತ್ತವೆ, ಅದಕ್ಕೇ ಡ್ರಮ್ ಮರದ ನೆರಳಲ್ಲಿದೆ. ನಮ್ಮ ಬಿಸಿಲು ಗೊತ್ತಲ್ವಾ!

"ರೋಗ ಹರಡುತ್ತೆ" ಎಂದೂ ಬರೆದಿದ್ದಾರೆ. ಈ ನೊಣ ಕಚ್ಚುವುದಿಲ್ಲ. ಮನೆ ನೊಣದ ಹಾಗೆ ಊಟ ಹುಡುಕಿಕೊಂಡು ಅಡುಗೆ ಕೋಣೆಗೂ ಬರುವುದಿಲ್ಲ. ಹಾಗಂತ ಡ್ರಮ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಬಿಡುವಂತಿಲ್ಲ. ಮಕ್ಕಳು ತೊಳೆಯುತ್ತಿದ್ದಾರೆ, ಕಣ್ಣಾರೆ ಕಂಡೆ.

ಈ ಮೆಸೇಜ್ ನಂಬಿ ಕೆಲವು ತಾಯಂದಿರು "ಶಾಲೆಯಲ್ಲಿ ಉಣ್ಣಬೇಡ" ಎಂದು ಮಕ್ಕಳಿಗೆ ಹೇಳುತ್ತಿದ್ದಾರೆ. ಸುಮ್ನೆ ಮಕ್ಕಳು ಉಪವಾಸ ಬೀಳುವುದು ಬೇಡ. ದಯವಿಟ್ಟು ಆ ಫೋಟೊ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.