ಗೂಫಿಗೂ ನನಗೂ ಒಂದೇ ಬ್ಯಾಚು

ಮಗಳು ಮೈಸೂರಲ್ಲಿ ಕಾಲೇಜಿಗೆ ಸೇರಿ ಸರಸ್ವತಿಪುರಂ ಕಡೆ ಪಿಜಿ ಹಿಡಿದ ಮೇಲೆ ನಮ್ಮನೇಲಿ ಶನಿವಾರ ಅಂದ್ರೆ ಒಂಥರಾ ಹಬ್ಬ. ಮಧ್ಯಾಹ್ನದ ಟ್ರೈನಿಗೆ ಮಂಡ್ಯಕ್ಕೆ ಬಂದಿಳೀತಾಳೆ, ಒಂದು ವಾರದ ಕೊಳೆ ಬಟ್ಟೆ ಮೂಟೆನ ವಾಷಿಂಗ್ ಮೆಷಿನ್ ಮುಂದೆ ದಬಕ್ ಅಂತ ಹಾಕ್ತಾಳೆ, ಅವರಜ್ಜಿ ಕೈಲಿ ಮುದ್ದೆ ಬಸ್ಸಾರು ಹಾಕಿಸ್ಕೊಂಡು ಉಣ್ತಾಳೆ, ರಾತ್ರಿ ಆದ್ರೆ ಟೀವಿ ರಿಮೋಟು ಅವಳ ಕೈಗೆ. ಉಳಿದ ಆರು ದಿನ ಆ ರಿಮೋಟು ನಮ್ಮವ್ವನ ದಿಂಬಿನ ಕೆಳಗಿರತ್ತೆ, ಅದು ಬೇರೆ ವಿಷ್ಯ.

ಹೋದ ಶನಿವಾರ ಊಟ ಆದ್ಮೇಲೆ "ಅಪ್ಪ, ಇವತ್ತು ನಿನಗೋಸ್ಕರ ಒಂದು ಸಿನ್ಮಾ ಹಾಕ್ತೀನಿ, ಕಾರ್ಟೂನು, ಫುಲ್ ಫ್ಯಾಮಿಲಿ ಕಾಮಿಡಿ" ಅಂದ್ಲು. ನಿನಗೋಸ್ಕರ ಅಂದಾಗ್ಲೇ ನಂಗೆ ಡೌಟು ಬರ್ಬೇಕಿತ್ತು. ಬರ್ಲಿಲ್ಲ.

ಸಿನ್ಮಾ ಡಿಸ್ನಿಯವರದ್ದು, ಆ್ಯನ್ ಎಕ್ಸ್‌ಟ್ರೀಮ್ಲಿ ಗೂಫಿ ಮೂವಿ ಅಂತ. ಮಿಕ್ಕಿ ಮೌಸ್ ಜೊತೆ ಒಂದು ಉದ್ದ ಕಿವಿ ಪೆದ್ದು ಮುಖದ್ದು ಇರತ್ತಲ್ಲ, ಅದೇ ಗೂಫಿ. ಮೊದಲನೇ ಭಾಗ 1995ರಲ್ಲಿ ಥಿಯೇಟರಿಗೇ ಬಂದಿತ್ತಂತೆ, ಅಪ್ಪ ಮಗ ಕಾರಲ್ಲಿ ಟೂರ್ ಹೊರಡೋ ಕಥೆ. ಇದು ಎರಡನೇದು, ಥಿಯೇಟರ್ ಗೀಟರ್ ಏನಿಲ್ಲ, 2000ದ ಫೆಬ್ರವರಿ 29ಕ್ಕೆ ಸೀದಾ ವಿಡಿಯೋ ಕ್ಯಾಸೆಟ್ಟಲ್ಲೇ ಬಿಟ್ರಂತೆ. ನಾಲ್ಕು ವರ್ಷಕ್ಕೊಂದ್ಸಲ ಬರೋ ತಾರೀಕಿಗೆ ಯಾಕಪ್ಪ ಸಿನ್ಮಾ ಬಿಟ್ರು ಅಂತ ಯೋಚ್ನೆ ಮಾಡ್ತಾ ಕೂತೆ, ಆ 2000 ಅನ್ನೋ ಇಸ್ವಿ ಮುಂದೆ ನಂಗೇ ಮುಳುವಾಗತ್ತೆ ಅಂತ ಆಗ ಗೊತ್ತಿರ್ಲಿಲ್ಲ.

ಪ್ರೇಕ್ಷಕರು ಯಾರ್ಯಾರು ಅಂದ್ರೆ ನಾನು, ನನ್ನ ಹೆಂಡ್ತಿ, ಮಗಳು, ನಮ್ಮವ್ವ, ಪಕ್ಕದಲ್ಲೇ ಇರೋ ನನ್ ತಮ್ಮನ ಮಗ ಚಿಂಟು, ಆಮೇಲೆ ಎದುರು ಮನೆ ಮೇಷ್ಟ್ರು. ಮೇಷ್ಟ್ರು ರಿಟೈರ್ಡು, ಅವರ ಮಗ ಅಮೆರಿಕದಲ್ಲಿ, ಮನೇಲಿ ಒಬ್ರೇ, ಹಂಗಾಗಿ ನಮ್ಮನೆ ಟೀವಿ ಸೌಂಡು ಜೋರಾದ್ರೆ ಚಪ್ಪಲಿ ಮೆಟ್ಕೊಂಡು ಬಂದ್ಬಿಡ್ತಾರೆ. ಸಿನ್ಮಾ ಇಂಗ್ಲಿಷಲ್ಲಿದ್ರಿಂದ ಅವ್ವನಿಗೆ ಕನ್ನಡದಲ್ಲಿ ಹೇಳೋ ಜವಾಬ್ದಾರಿ ಚಿಂಟುಗೆ. ಅವ್ನು ನಾಲ್ಕನೇ ಕ್ಲಾಸು.

ಶುರುವಾಗಿ ಎರಡು ನಿಮಿಷ ಆಗಿಲ್ಲ, ಅವ್ವ "ಇದ್ಯಾಕ್ಲಾ ನಾಯಿಗ್ ಪ್ಯಾಂಟ್ ಹಾಕವ್ರೆ?" ಅಂತು.

"ಅಜ್ಜಿ, ಅದು ನಾಯಿ ಅಲ್ಲ, ಗೂಫಿ."

"ಮೂತಿ ನೋಡಿದ್ರೆ ನಾಯಿ ಕಣ್ಲಾ."

"ನಾಯಿನೇ, ಆದ್ರೆ ನಮ್ ದೊಡ್ಡಪ್ಪನ್ ತರ ನಾಯಿ."

ದೊಡ್ಡಪ್ಪ ಅಂದ್ರೆ ನಾನು. ಅಪ್ಪನ ತರ ಮನೆ ನಡೆಸೋ ನಾಯಿ ಅಂತ ಅವ್ನ ಅರ್ಥ ಇರ್ಬೇಕು, ಆದ್ರೆ ನನ್ ಹೆಂಡ್ತಿ ಐದು ನಿಮಿಷ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಕಳು. ಅವ್ವನಿಗೆ ಅಷ್ಟಕ್ಕೇ ಸಮಾಧಾನ ಇಲ್ಲ, ಗೂಫಿ ಯಾವಾಗ್ಲೂ ಬಿಳಿ ಗ್ಲೌಸ್ ಹಾಕಿರ್ತಾನಲ್ಲ, "ಇವ್ನು ಮುದ್ದೆ ಹೆಂಗ್ಲಾ ಮುರೀತಾನೆ?" ಅಂತ ಕೇಳ್ತು. ಇಷ್ಟು ವರ್ಷದಿಂದ ಲೋಕಾನೇ ಆ ಗ್ಲೌಸ್ ನೋಡ್ತಾ ಐತೆ, ಈ ಪ್ರಶ್ನೆ ಬಂದಿದ್ದು ಮಂಡ್ಯದಲ್ಲೇ ಮೊದ್ಲು ಅನ್ಸತ್ತೆ.

ಕಥೆ ಏನಪ್ಪ ಅಂದ್ರೆ ಗೂಫಿ ಮಗ ಮ್ಯಾಕ್ಸ್ ಕಾಲೇಜಿಗೆ ಅಂತ ಮನೆ ಬಿಟ್ಟು ಹೋಗ್ತಾನೆ. ಅಪ್ಪ ಆಟದ ಸಾಮಾನು ಮಾಡೋ ಫ್ಯಾಕ್ಟರಿಲಿ ಕೆಲ್ಸ ಮಾಡ್ತಾ ಮಗನ್ನೇ ನೆನೆಸ್ಕೊಂಡು ಎಡವಟ್ಟು ಮಾಡ್ಕೊಂಡು ಕೆಲ್ಸ ಕಳ್ಕೊಂತಾನೆ. ಬೇರೆ ಕೆಲ್ಸ ಬೇಕಂದ್ರೆ ಡಿಗ್ರಿ ಬೇಕು, ಇವ್ನದ್ದು ನೋಡಿದ್ರೆ 70ರ ದಶಕದಲ್ಲಿ ಕಾಲೇಜಿಗೆ ಹೋಗಿ ಕೊನೇ ವರ್ಷ ಬಾಕಿ ಬಿಟ್ಟಿರೋ ಕೇಸು. ಸರಿ ಅಂತ ಸೀದಾ ಮಗನ ಕಾಲೇಜಿಗೇ ಹೋಗಿ ಸೇರ್ಕೊಂಡ್ಬಿಡ್ತಾನೆ. ಅಪ್ಪನ ಕಾಟದಿಂದ ತಪ್ಪಿಸ್ಕೊಂಡೆ ಅಂತ ಖುಷಿಯಾಗಿದ್ದ ಮಗನ ಮುಂದೆ ಅಪ್ಪ ಪ್ರತ್ಯಕ್ಷ.

ಈ ಸೀನಿಗೆ ನನ್ ಮಗಳು ಸೋಫಾದಿಂದ ಕೆಳಗೆ ಜಾರಿ ನೆಲದ ಮೇಲೆ ಬಿದ್ದು ನಗ್ತಾಳೆ, ಟೀವಿ ಕಡೆ ಅಲ್ಲ, ನನ್ ಕಡೆ ತಿರುಗಿ. ಆಗ ಗೊತ್ತಾಯ್ತು ಈ ಸಿನ್ಮಾ ನನಗೋಸ್ಕರ ಯಾಕೆ ಅಂತ.

ಅದರ ಹಿನ್ನೆಲೆ ಹೇಳ್ಬೇಕು. ಅವಳು ಕಾಲೇಜಿಗೆ ಸೇರಿದ ಮೊದಲನೇ ತಿಂಗಳು ನಾನು ಮೂರು ಸಲ ಮೈಸೂರಿಗೆ ಹೋಗಿದ್ದೆ. ಮೊದಲನೇ ಸಲ ಅವಳು ಮರೆತಿದ್ದ ಛತ್ರಿ ಕೊಡಕ್ಕೆ, ಅದು ನ್ಯಾಯ. ಎರಡನೇ ಸಲ ಬೆಡ್‌ಶೀಟು. ಮೂರನೇ ಸಲಕ್ಕೆ ಕಾರಣ ಸಿಗದೆ ಅವ್ವನ ಕೈಲಿ ಚಕ್ಲಿ ಮಾಡಿಸ್ಕೊಂಡು, ಸ್ಟೀಲ್ ಡಬ್ಬಿಗೆ ತುಂಬಿ, ಅದನ್ನ ಟವಲ್ಲಲ್ಲಿ ಕಟ್ಟಿ, ಬೆಳಿಗ್ಗೆ ಪ್ಯಾಸೆಂಜರ್ ಟ್ರೈನ್ ಹತ್ತಿದೆ. ಪಾಂಡವಪುರದಲ್ಲಿ ಜನ ನುಗ್ಗಿದ ರಭಸಕ್ಕೆ ಡಬ್ಬಿ ಮುಚ್ಚಳ ಓಪನ್ ಆಯ್ತು, ಶ್ರೀರಂಗಪಟ್ಟಣ ಬರೋ ಹೊತ್ತಿಗೆ ಕಾಲು ಡಬ್ಬಿ ಚಕ್ಲಿ ನೆಲದ ಮೇಲೆ, ಇನ್ನು ಕಾಲು ಡಬ್ಬಿನ ಪಕ್ಕದಲ್ಲಿ ಕೂತಿದ್ದವ್ರು "ಚೆನ್ನಾಗೈತೆ ಯಜಮಾನ್ರೆ, ಮನೇಲಿ ಮಾಡಿದ್ದಾ?" ಅಂತ ಕೇಳ್ಕೊಂಡೇ ಖಾಲಿ ಮಾಡಿದ್ರು. ಉಳಿದ ಅರ್ಧ ಡಬ್ಬಿ ಹಿಡ್ಕೊಂಡು ಕಾಲೇಜ್ ಗೇಟಿಗೆ ಹೋದೆ. ಸೆಕ್ಯುರಿಟಿಯವ್ನು ನನ್ನ ಇಸ್ತ್ರಿ ಶರ್ಟು ಕನ್ನಡಕ ನೋಡಿ ಹೊಸ ಲೆಕ್ಚರರ್ ಅಂದ್ಕೊಂಡು ಎದ್ದು ನಿಂತು ಸಲ್ಯೂಟ್ ಹೊಡೆದು "ಯಾವ ಡಿಪಾರ್ಟ್‌ಮೆಂಟ್ ಸಾರ್?" ಅಂದ. ನಾನು ಗಾಬ್ರಿಲಿ "ಕಾಮರ್ಸು" ಅಂದ್ಬಿಟ್ಟೆ. ಮಗಳ ಡಿಪಾರ್ಟ್‌ಮೆಂಟು ಹೇಳಿದ್ದು ನಾನು. ಅವ್ನು ಸೀದಾ ಕರ್ಕೊಂಡು ಹೋಗಿ ಕ್ಲಾಸ್ ಬಾಗಿಲಲ್ಲಿ ಬಿಟ್ಟ. ಒಳಗೆ ಅರವತ್ತು ಮಕ್ಕಳು ಎದ್ದು ನಿಂತು "ಗುಡ್ ಮಾರ್ನಿಂಗ್ ಸಾರ್" ಅಂದ್ರು. ಐವತ್ತೊಂಬತ್ತು ಅನ್ಬೇಕು, ಒಬ್ಬಳು ಬೆಂಚಿನ ಕೆಳಗೆ ಬಗ್ಗಿದ್ಲು. ನಾನು ಡಬ್ಬಿ ಎತ್ತಿ ಹಿಡಿದು "ಮಗಾ, ಚಕ್ಲಿ" ಅಂದೆ.

ಆ ವಾರ ಅವಳು ಊರಿಗೆ ಬರ್ಲಿಲ್ಲ.

ಹಂಗಾಗಿ ಈಗ ಟೀವಿಲಿ ಮ್ಯಾಕ್ಸ್ ತಲೆ ತಗ್ಗಿಸ್ದಾಗೆಲ್ಲ ಮಗಳು "ಕರೆಕ್ಟ್, ಕರೆಕ್ಟ್" ಅಂತಾಳೆ. ಅತ್ಲಾಗೆ ಅವ್ವ ಪೂರ್ತಿ ಗೂಫಿ ಪಾರ್ಟಿ. "ಮಗೀನ ಅವ್ವ ಎಲ್ಲಿ?" ಅಂತ ಕೇಳ್ತು, ಸಿನ್ಮಾದಲ್ಲಿ ಅದನ್ನ ಎಲ್ಲೂ ಹೇಳಲ್ಲ, ಚಿಂಟು ಇಲ್ಲ ಅಂದ. ಅಷ್ಟೇ ಸಾಕಾಯ್ತು. ನಮ್ಮಪ್ಪ ತೀರ್ಕೊಂಡ ಮೇಲೆ ನಮ್ಮಿಬ್ರನ್ನ ದಡ ಹತ್ತಿಸಿದ್ದು ಅವ್ವನೇ, ಒಬ್ಬಂಟಿಯಾಗಿ ಮಕ್ಕಳ ಸಾಕಿದವ್ರನ್ನ ಯಾರ್ ಆಡ್ಕೊಂಡ್ರೂ ಅದಕ್ಕೆ ಆಗಲ್ಲ. "ಹೆತ್ತಪ್ಪನ್ನ ಕಂಡ್ರೆ ನಾಚ್ಕೆ ಆಯ್ತದಾ ಬಡ್ಡಿಮಗ್ನೆ" ಅಂತ ಮ್ಯಾಕ್ಸಿಗೆ ಬೈಯಕ್ಕೆ ಶುರು ಮಾಡಿದ್ದು ಕೊನೇವರೆಗೂ ನಿಲ್ಲಿಸ್ಲಿಲ್ಲ. ಮಧ್ಯೆ ಮಗಳಿಗೆ ಇನ್ನೊಂದು ಕಂಪ್ಲೇಂಟು, ಮೊದಲನೇ ಭಾಗದಲ್ಲಿ ಮ್ಯಾಕ್ಸ್ ಪ್ರಾಣ ಬಿಡ್ತಿದ್ದ ರಾಕ್ಸಾನ್ ಅನ್ನೋ ಹುಡುಗಿ ಇದರಲ್ಲಿ ಇಲ್ವೇ ಇಲ್ಲ, ಒಂದು ಮಾತಿಗೂ ಅವಳ ಹೆಸ್ರು ಎತ್ತಲ್ಲ ಅಂತ. "ಊರ್ ಬಿಟ್ಟು ಕಾಲೇಜಿಗ್ ಹೋದ್ಮೇಲೆ ಹಂಗೇನೇ" ಅಂತ ನನ್ ಹೆಂಡ್ತಿ ಮಗಳ ಮುಖಾನೇ ನೋಡ್ಕೊಂಡು ಅಂದ್ಲು, ಮಗಳು ಗಪ್ಪಂತ ಸುಮ್ನಾದ್ಲು. ಅದೇನು ಅಂತ ನಾನು ಕೇಳಕ್ಕೆ ಹೋಗ್ಲಿಲ್ಲ, ಒಂದು ರಾತ್ರಿಗೆ ಒಂದು ಗೂಫಿ ಸಾಕು.

ಅಪ್ಪನ್ನ ಸಾಗಹಾಕಕ್ಕೆ ಮ್ಯಾಕ್ಸ್ ಅವ್ನಿಗೆ ಕಾಲೇಜ್ ಲೈಬ್ರರಿ ಮೇಡಮ್ ಸಿಲ್ವಿಯಾನ ಪರಿಚಯ ಮಾಡಿಸ್ತಾನೆ. ಇಬ್ರಿಗೂ 70ರ ದಶಕ ಅಂದ್ರೆ ಹುಚ್ಚು, ಡಿಸ್ಕೋ ಡ್ಯಾನ್ಸ್ ಬೇರೆ ಮಾಡ್ತಾರೆ. ಅಲ್ಲೀವರೆಗೆ "ಇದೆಲ್ಲ ಮಕ್ಕಳ ಆಟ" ಅಂತ ಮೂಗು ಮುರೀತಿದ್ದ ಮೇಷ್ಟ್ರು ಆ ಲೈಬ್ರರಿ ಮೇಡಮ್ ಬಂದ ಮೇಲೆ ಚೇರನ್ನ ಒಂದಡಿ ಮುಂದಕ್ಕೆ ಎಳ್ಕೊಂಡ್ರು.

ಕಾಲೇಜಲ್ಲಿ ಗಾಮಾ ಅಂತ ಒಂದು ಹುಡುಗರ ಗ್ಯಾಂಗು ಇದೆ, ಅದನ್ನ ಚಿಂಟು "ಹಾಸ್ಟೆಲ್ ರೌಡಿಗಳು" ಅಂತ ತರ್ಜುಮೆ ಮಾಡಿದ, ಇದಕ್ಕಿಂತ ಚೆನ್ನಾಗಿ ನಂಗೂ ಬರ್ತಿರ್ಲಿಲ್ಲ. ಅವರು ಗೂಫಿನ ತಮ್ಮ ಸ್ಕೇಟ್‌ಬೋರ್ಡ್ ಟೀಮಿಗೆ ಸೇರಿಸ್ಕೊಂಡು ಮಗನ ಎದುರಿಗೇ ನಿಲ್ಲಿಸ್ತಾರೆ, ಮಗ ಸೋತ ಸಿಟ್ಟಿಗೆ ನಿನ್ ಪಾಡು ನೀನ್ ನೋಡ್ಕೊ ಅಂತ ಅಪ್ಪನಿಗೆ ಅಂದ್ಬಿಡ್ತಾನೆ. ನಮ್ ಹಾಲಲ್ಲಿ ಒಂದ್ ಸದ್ದಿಲ್ಲ. ಅದೇ ಕೊರಗಲ್ಲಿ ಗೂಫಿ ಪರೀಕ್ಷೆ ಬರೀತಾನೆ, ಫೇಲ್ ಆಗ್ತಾನೆ, ಪೇಪರ್ ನೋಡ್ಕೊಂಡು ನಿಂತಿದ್ದಾನೆ, ಕರೆಂಟ್ ಹೋಯ್ತು.

ಯುಪಿಎಸ್ ಕೀ ಅಂತ ಒಂದ್ಸಲ ಕೂಗಿ ಅದೂ ಸತ್ತೋಯ್ತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋ ಡ್ಯೂಟಿ ನಂದು, ಯುಗಾದಿಯಿಂದ ಹಾಕಿರ್ಲಿಲ್ಲ. ಕಗ್ಗತ್ತಲು. ಆ ಕತ್ತಲಲ್ಲಿ ನನ್ ಹೆಂಡ್ತಿ ಯಾರಿಗೂ ಅಂತಲ್ಲ, ಸುಮ್ನೆ, ತುಂಬಾ ಪ್ರೀತಿಯಿಂದಾನೇ, "ಪಾಪ, ನಿಮ್ ತರಾನೇ ಅಲ್ವೇನ್ರೀ" ಅಂದ್ಲು.

"ಅಪ್ಪನ್ ತರ ಏನಮ್ಮ?"

ಸೊಳ್ಳೆ ಗುಂಯ್ ಅನ್ನೋದು ಕೇಳಿಸ್ತಿತ್ತು.

"ಅದೇ, ಬಿ.ಕಾಂ.ದು ಎರಡು ಸಬ್ಜೆಕ್ಟ್ ಹಂಗೇ ಉಳ್ಕೊಂತಲ್ಲ."

ಹತ್ತೊಂಬತ್ತು ವರ್ಷ ಮಗಳಿಂದ ಮುಚ್ಚಿಟ್ಟಿದ್ದು ಹತ್ತೊಂಬತ್ತು ಸೆಕೆಂಡಲ್ಲಿ ಹೋಯ್ತು. ಕಾಸ್ಟ್ ಅಕೌಂಟಿಂಗು, ಇನ್ಕಮ್ ಟ್ಯಾಕ್ಸು. 2000ದಲ್ಲಿ ಬರೆದಿದ್ದು, ಅಂದ್ರೆ ಅತ್ಲಾಗೆ ಗೂಫಿ ಕಾಲೇಜಿಗೆ ಸೇರಿದ ವರ್ಷಾನೇ ಇತ್ಲಾಗೆ ನಾನು ಕಾಲೇಜು ಬಿಟ್ಟಿದ್ದು. ಅದೇ ವರ್ಷ ಅಪ್ಪ ಹೋದ್ರು, ಮನೇಲಿ ದುಡಿಯೋರು ಬೇಕಿತ್ತು, ರೈಸ್ ಮಿಲ್ಲಲ್ಲಿ ಲೆಕ್ಕ ಬರೆಯಕ್ಕೆ ಸೇರಿದೆ, ಮುಂದಿನ ಸಲ ಕಟ್ಟಿದ್ರಾಯ್ತು ಅಂದ್ಕೊಂಡೆ, ಆ ಮುಂದಿನ ಸಲ ಇನ್ನೂ ಬಂದಿಲ್ಲ. ಮದ್ವೆ ಕಾರ್ಡಲ್ಲಿ ಹೆಸರಿನ ಮುಂದೆ ಬಿ.ಕಾಂ. ಹಾಕಿಸಿದ್ದು ನಮ್ಮ ಸೋದರಮಾವ, "ಪರೀಕ್ಷೆ ಬರೆದವ್ನೋ ಇಲ್ವೋ? ಬರೆದ್ಮೇಲೆ ಬಿ.ಕಾಂ.ಏ" ಅನ್ನೋದು ಅವರ ವಾದ. ಮದ್ವೆಯಾಗಿ ಮೂರನೇ ತಿಂಗಳಿಗೆ ರೇಷನ್ ಕಾರ್ಡ್ ಹುಡುಕಕ್ಕೆ ಟ್ರಂಕ್ ತೆಗೆದ ಹೆಂಡ್ತಿಗೆ ಮಾರ್ಕ್ಸ್ ಕಾರ್ಡ್ ಸಿಕ್ತು. ಅವಳು ಪುಣ್ಯಾತ್ಗಿತ್ತಿ, ಅವತ್ತಿಂದ ಬಾಯಿ ಬಿಟ್ಟಿರ್ಲಿಲ್ಲ. ತಮಾಷೆ ಅಂದ್ರೆ ನಮ್ ಬೀದಿಯವರೆಲ್ಲ ಇನ್ಕಮ್ ಟ್ಯಾಕ್ಸ್ ಡೌಟಿಗೆ ಬರೋದು ನನ್ ಹತ್ರಾನೇ.

ಕರೆಂಟ್ ಬಂತು. ಎಲ್ರೂ ಟೀವಿ ಬಿಟ್ಟು ನನ್ನೇ ನೋಡ್ತಿದ್ದಾರೆ.

"ಪಿಯುಸಿಲಿ ಅಕೌಂಟ್ಸಿಗೆ ನಂಗೆ ಎಪ್ಪತ್ತೆಂಟು ಬಂದಾಗ ಮೂರ್ ದಿನ ಮಾತ್ ಬಿಟ್ಟಿದ್ದೆ" ಅಂದ್ಲು ಮಗಳು. "ನಾನ್ ಬಿ.ಕಾಂ. ಮಾಡಿದೋನು, ನನ್ ಮಗಳಾಗಿ ಇಷ್ಟೇನಾ ಅಂದಿದ್ದೆ."

"ಸಿನ್ಮಾ ಹಾಕು ಮಗಾ" ಅಂದೆ.

ಉಳಿದರ್ಧ ಸಿನ್ಮಾ ಯಾರು ಹೆಂಗೆ ನೋಡಿದ್ರೋ ಗೊತ್ತಿಲ್ಲ. ಸ್ಕೇಟಿಂಗ್ ಫೈನಲ್ಲು ಬರೋ ಹೊತ್ತಿಗೆ ಚಿಂಟು ಅಡುಗೆಮನೆಯಿಂದ ಸಿಲಿಂಡರ್ ಇಡೋ ಗಾಲಿ ಸ್ಟ್ಯಾಂಡ್ ತಂದು ಅದರ ಮೇಲೆ ನಿಂತು ಹಾಲಿನ ಈ ಕಡೆಯಿಂದ ಬಿಟ್ಟ, ಟೈಲ್ಸ್ ನೆಲ ಬೇರೆ, ಸೀದಾ ಹೋಗಿ ಮೇಷ್ಟ್ರ ಪ್ಲಾಸ್ಟಿಕ್ ಚೇರಿಗೆ ಗುದ್ದಿದ. ಮೇಷ್ಟ್ರು ಬೀಳ್ಲಿಲ್ಲ, ಆದ್ರೆ ಚೇರ್ ಸಮೇತ ಟೀವಿವರೆಗೂ ಹೋದ್ರು. ಹೋದವರು ಬೈಯ್ಲೂ ಇಲ್ಲ, ಕಣ್ಣು ಅಲ್ಲೇ ನೆಟ್ಟಿತ್ತು. ಮಗ ತೊಂದ್ರೆಲಿ ಸಿಕ್ಕಿ ಅಪ್ಪನ್ನ ಕರೀತಾನೆ, ಅಪ್ಪ ಓಡಿ ಬರ್ತಾನೆ, ಗೆಲ್ತಾರೆ. ಕೊನೇಲಿ ಗೂಫಿಗೆ ಡಿಗ್ರಿ ಸಿಗತ್ತೆ, ಮಗ ತಾನು ಗೆದ್ದ ಟ್ರೋಫಿನ ಅಪ್ಪನಿಗೆ ಕೊಡ್ತಾನೆ. ಅವ್ವ ಸೆರಗಲ್ಲಿ ಮೂಗು ಒರೆಸ್ಕೊಂಡು "ಈಗ್ ಬಂತಲ್ಲ ಬುದ್ಧಿ" ಅಂತು. ಮೇಷ್ಟ್ರು ಎದ್ದು "ಅಲ್ಲಿ ಈಗ ಬೆಳಿಗ್ಗೆ ಅಲ್ವೇನಪ್ಪ" ಅಂತ ನನ್ ಕೇಳಿ, ಉತ್ರಕ್ಕೂ ಕಾಯ್ದೆ, ಫೋನ್ ತಗೊಂಡು ಜಗಲಿ ಕಡೆ ಹೋದ್ರು.

ನಂಗೆ ಸಿನ್ಮಾ ಹೆಂಗಿತ್ತು ಅಂತ ಯಾರೂ ಕೇಳ್ಲಿಲ್ಲ. ಚೆನ್ನಾಗೇ ಇತ್ತು. ಕ್ಯಾಸೆಟ್ಟಿಗೆ ಅಂತ ಮಾಡಿದ ಎರಡನೇ ಭಾಗ ಇಷ್ಟಿದ್ರೆ ಜಾಸ್ತಿನೇ. ಆದ್ರೆ ಫೇಲಾದವ್ನು ಮತ್ತೆ ಹೋಗಿ ಪಾಸಾಗೋದನ್ನ ಅಷ್ಟು ಸಲೀಸಾಗಿ ತೋರಿಸ್ಬಾರ್ದು, ಮನೇಲಿ ಬೇರೆಯವ್ರಿಗೆ ಐಡಿಯಾ ಬರತ್ತೆ. ಬಂತು. "ಅಪ್ಪ, ಮುಕ್ತ ವಿಶ್ವವಿದ್ಯಾನಿಲಯ ಮೈಸೂರಲ್ಲೇ ಇದೆ, ನಿನ್ ವಯಸ್ಸಿನವ್ರು ಬೇಕಾದಷ್ಟು ಜನ ಸೇರ್ತಾರೆ, ಮೊದ್ಲಿಂದ ಮಾಡು" ಅಂತ ಮಗಳು ಜೋಶಲ್ಲಿ ಶುರು ಮಾಡಿದ್ಲು.

"ಮೈಸೂರಲ್ಲಿ ಎಲ್ಲಿ?" ಅಂದೆ.

"ಮುಕ್ತಗಂಗೋತ್ರಿ, ಮಾನಸಗಂಗೋತ್ರಿ ಪಕ್ಕ, ನಮ್ ಪಿಜಿಯಿಂದ ಕುಕ್ಕರಹಳ್ಳಿ ಕೆರೆ ದಾಟಿದ್ರೆ..." ಅಂದವಳು ಅಲ್ಲೇ ನಿಲ್ಲಿಸಿದ್ಲು. ಟೀವಿ ಕಡೆ ನೋಡಿದ್ಲು, ನನ್ ಕಡೆ ನೋಡಿದ್ಲು. "ಮನೇಲೇ ಕೂತು ಓದ್ಬೋದು ಅಪ್ಪ, ಬರ್ಲೇಬೇಕು ಅಂತೇನಿಲ್ಲ."

"ಇಲ್ಲ ಮಗಾ, ಓದೋದಂದ್ರೆ ಸೀರಿಯಸ್ಸಾಗಿ ಓದ್ಬೇಕು. ನಿನ್ ಜೊತೆ ಕ್ಯಾಂಟೀನಲ್ಲೇ ಕಾಫಿ ಕುಡಿಬೋದು" ಅಂದೆ. ಅವಳು ಮಲಗಕ್ಕೆ ಹೋದ್ಲು.

ಭಾನುವಾರ ಬೆಳಿಗ್ಗೆ ಪೇಪರ್ ತರಕ್ಕೆ ಗೇಟ್ ಹತ್ರ ಹೋದೆ. ಗೃಹಪ್ರವೇಶಕ್ಕೆ ಬರೆಸಿದ ಬೋರ್ಡು, ನನ್ ಹೆಸ್ರು, ಪಕ್ಕದಲ್ಲಿ ಬಿ.ಕಾಂ. ಅದರ ಮುಂದೆ ಕಪ್ಪು ಮಾರ್ಕರಲ್ಲಿ, ನಾಲ್ಕನೇ ಕ್ಲಾಸಿನ ಕೈಬರಹದಲ್ಲಿ, ಬಾಕಿ 2 ಅಂತ. ಹಾಲಿನವ್ನು ಆಗ್ಲೇ ಓದ್ಕೊಂಡು ಹೋಗಿದ್ದ ಅನ್ಸತ್ತೆ, ಪ್ಯಾಕೆಟ್ ಕಾಂಪೌಂಡ್ ಮೇಲಿತ್ತು. ಬೀದಿ ಏಳೋದ್ರೊಳಗೆ ಅಳಿಸ್ಬೇಕು ಅಂತ ಷೆಡ್ಡಲ್ಲಿ ಪೇಂಟಿಂಗ್ ಕಾಲದ ತಿನ್ನರ್ ಬಾಟ್ಲಿ ಹುಡುಕಿ, ಹಳೇ ಬನಿಯನ್ನಿಗೆ ಸುರ್ಕೊಂಡು ಗಸಗಸ ಉಜ್ಜಿದೆ. ಬೋರ್ಡಿನ ಬಣ್ಣ ಹಳೇದು, ಬಿಸಿಲಿಗೆ ಬೆಂದು ಹಪ್ಪಳ ಆಗಿತ್ತು, ಬಿ.ಕಾಂ. ಪೂರ್ತಿ ಚಕ್ಕೆ ಚಕ್ಕೆ ಎದ್ದು ಬನಿಯನ್ನಿಗೆ ಬಂತು. ಮಾರ್ಕರ್ರು ಸ್ವಲ್ಪ ಹರಡ್ಕೊಂತು ಅಷ್ಟೇ, ದೂರದಿಂದ ಇನ್ನೂ ಚೆನ್ನಾಗಿ ಕಾಣತ್ತೆ.

ಈಗ ನನ್ ಹೆಸರಿನ ಮುಂದೆ ಬಾಕಿ 2 ಅಂತ ಮಾತ್ರ ಐತೆ. ನಿನ್ನೆ ಕೊರಿಯರ್ ಹುಡುಗ ಬಂದವ್ನು "ಸಾರ್, ಎರಡ್ ಸಾವ್ರನಾ, ಎರಡ್ ಲಕ್ಷನಾ?" ಅಂತ ಕೇಳ್ದ.