ಸತ್ಯಾಂಶ: ಎಂಸಿಬಿ ಇದ್ದರೆ ಶಾಕ್ ಹೊಡೆಯಲ್ಲವೇ?

ಶಾಲೆಗಳಲ್ಲಿ ವಿಜ್ಞಾನ ಮೇಳ ಹತ್ತಿರ ಬಂದಾಗ ವಾಟ್ಸ್ಆ್ಯಪ್‌ನಲ್ಲಿ ಹೀಗೊಂದು ಮಾತು ಓಡಾಡುತ್ತದೆ: "ಬೋರ್ಡಿನಲ್ಲಿ ಎಂಸಿಬಿ ಇದ್ದರೆ ಸಾಕು, ಮಕ್ಕಳ ಮಾಡೆಲ್ಲನ್ನು ನೇರವಾಗಿ ಪ್ಲಗ್ಗಿಗೆ ಹಾಕಬಹುದು. ಶಾಕ್ ಹೊಡೆದ ತಕ್ಷಣ ಟ್ರಿಪ್ ಆಗುತ್ತದೆ."

ಇದು ತಪ್ಪು. ಎಂಸಿಬಿ ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಆಫ್ (ಟ್ರಿಪ್) ಆಗುವ ಸ್ವಿಚ್. ಅದು ಇರುವುದು ವೈರ್ ಜಾಸ್ತಿ ಕಾದು ಬೆಂಕಿ ಹತ್ತದಿರಲಿ ಅಂತ. 6 ಆಂಪಿಯರ್ ಎಂಸಿಬಿ ಟ್ರಿಪ್ ಆಗಬೇಕಾದರೆ ಕರೆಂಟ್ 6 ಆಂಪಿಯರ್ ದಾಟಬೇಕು. 230 ವೋಲ್ಟ್ ತಗುಲಿದ ಮಗುವಿನ ಮೈಯಲ್ಲಿ ಅಷ್ಟು ಹರಿಯುವುದೇ ಇಲ್ಲ. ಆದರೆ ಅದರ ನೂರರಲ್ಲೊಂದು ಪಾಲು, ಅಂದರೆ 60 ಮಿಲಿಆಂಪಿಯರ್, ಎದೆಯ ಮೂಲಕ ಹಾದರೂ ಜೀವ ಹೋಗಬಹುದು. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ, ಸುಮ್ನೆ ಇರುತ್ತದೆ.

ಶಾಕ್‌ನಿಂದ ಕಾಪಾಡಲು ಬೇಕಾದದ್ದು ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಇನ್ನೊಂದು ಸ್ವಿಚ್, ಆರ್‌ಸಿಸಿಬಿ. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. 30 ಮಿಲಿಆಂಪಿಯರ್‌ನದಾದರೆ, ಅಷ್ಟು ಕರೆಂಟ್ ನೆಲಕ್ಕೆ ಸೋರಿದ ಕೂಡಲೇ ಕಡಿದುಬಿಡುತ್ತದೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದೂ ಕಾಪಾಡದೇ ಇರಬಹುದು. ಹಾಗಾಗಿ ಮಾಡೆಲ್ಲಿಗೆ ಡ್ರೈ ಸೆಲ್ಲೇ ಒಳ್ಳೆಯದು. ಸಣ್ಣ ಮೋಟಾರು 6 ವೋಲ್ಟ್‌ನಲ್ಲೇ ಚೆನ್ನಾಗಿ ತಿರುಗುತ್ತದೆ, ಅಲ್ವಾ? ಅದರ ರೆಕ್ಕೆ, ಬೆಲ್ಟಿಗೆ ಜಾಲರಿ ಹಾಕಿ. ನೋಡಲು ಬಂದ ಪುಟ್ಟ ಮಕ್ಕಳು ಬೆರಳು ಹಾಕಿಯೇ ಹಾಕುತ್ತಾರೆ.