ಸೂಪರ್‌ಮ್ಯಾನ್ ಮೆಡಿಕಲ್‌ನಲ್ಲಿ ಫೇಲ್

1940ರ ಫೆಬ್ರವರಿಯಲ್ಲಿ ಸೂಪರ್‌ಮ್ಯಾನ್ ಎರಡನೇ ಮಹಾಯುದ್ಧವನ್ನು ಮುಗಿಸಿಬಿಟ್ಟ. ಎರಡೇ ಪುಟದಲ್ಲಿ! ಅಮೆರಿಕದ 'ಲುಕ್' ಪತ್ರಿಕೆಯಲ್ಲಿ ಹಿಟ್ಲರನ ಕುತ್ತಿಗೆಪಟ್ಟಿ ಹಿಡಿದು ಎತ್ತಿ, ದಾರಿಯಲ್ಲಿ ಸ್ಟಾಲಿನ್‌ನನ್ನೂ ಹಿಡಿದುಕೊಂಡು, ಇಬ್ಬರನ್ನೂ ಜಿನೀವಾದ ಲೀಗ್ ಆಫ್ ನೇಷನ್ಸ್ (ಆಗಿನ ಕಾಲದ ವಿಶ್ವಸಂಸ್ಥೆ) ಮುಂದೆ ತಂದು ನಿಲ್ಲಿಸಿದ. (ಮರುವರ್ಷ ಸ್ಟಾಲಿನ್ ಹಿಟ್ಲರನ ವಿರುದ್ಧದ ಪಾರ್ಟಿ ಆದ, ಅದು ಬಿಡಿ.) ತಮಾಷೆ ಅಂದ್ರೆ ನಾಜಿಗಳು ಇದನ್ನು ಸೀರಿಯಸ್ಸಾಗಿ ತಗೊಂಡರು. ಹಿಟ್ಲರನ ಪಡೆ ಎಸ್‌ಎಸ್‌ನವರ ವಾರಪತ್ರಿಕೆ ಏಪ್ರಿಲ್‌ನಲ್ಲಿ, ಕಥೆ ಬರೆದ ಜೆರ್ರಿ ಸೀಗಲ್ ಯಹೂದಿ ಅಂತ ಎತ್ತಿ ಆಡುತ್ತಾ ಒಂದು ಲೇಖನವನ್ನೇ ಬರೆಯಿತು. ಅರ್ಧ ಯುರೋಪ್ ನುಂಗಲು ಹೊರಟವರಿಗೆ ಪ್ಯಾಂಟಿನ ಮೇಲೆ ಚಡ್ಡಿ ಹಾಕಿದವನ ಜೊತೆ ಜಗಳ!

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಆಯಿತು: ಜಪಾನ್ ಅಲ್ಲಿನ ನೌಕಾನೆಲೆಗೆ ಬಾಂಬ್ ಹಾಕಿತು, ಅಮೆರಿಕ ಯುದ್ಧಕ್ಕೆ ಇಳಿಯಿತು. ಈಗ ಪೀಕಲಾಟ ಶುರು. ಪಕ್ಕದ ಮನೆ ಹುಡುಗರೆಲ್ಲ ಸೇನೆಗೆ ಹೊರಟರೆ ಸೂಪರ್‌ಮ್ಯಾನ್ ಏಕೆ ಮನೇಲಿ ಕೂತಿದ್ದಾನೆ ಅಂತ ಮಕ್ಕಳು ಕೇಳಲ್ವಾ? ಕಳಿಸಿದರೆ ಬೆಳಗಾಗುವುದರಲ್ಲಿ ಯುದ್ಧ ಮುಗಿಯಬೇಕು, ಆದರೆ ನಿಜವಾದ ಹೆಣಗಳು ಬೀಳುತ್ತಲೇ ಇವೆ.

1942ರ ಫೆಬ್ರವರಿಯಲ್ಲಿ ದಿನಪತ್ರಿಕೆಗಳ ಸೂಪರ್‌ಮ್ಯಾನ್ ಚಿತ್ರಸರಣಿ ಉಪಾಯ ಹುಡುಕಿತು. ಕ್ಲಾರ್ಕ್ ಕೆಂಟ್, ಅಂದ್ರೆ ಮಾಮೂಲಿ ಮನುಷ್ಯನ ವೇಷದ ಸೂಪರ್‌ಮ್ಯಾನ್, ಸೇನೆಗೆ ಸೇರಲು ಹೋಗುತ್ತಾನೆ. ಡಾಕ್ಟರು ಕಣ್ಣಿನ ಚಾರ್ಟ್ ತೋರಿಸಿ ಓದಪ್ಪ ಅನ್ನುತ್ತಾರೆ. ಉತ್ಸಾಹ ಜಾಸ್ತಿಯಾಗಿ ಇವನ ಎಕ್ಸ್‌ರೇ ಕಣ್ಣು ಗೋಡೆ ದಾಟಿಬಿಡುತ್ತದೆ, ಪಕ್ಕದ ಕೋಣೆಯ ಚಾರ್ಟನ್ನು ಪಟಪಟ ಓದಿಬಿಡುತ್ತಾನೆ. ಒಂದಕ್ಷರವೂ ತಾಳೆಯಾಗಲ್ಲ. 4ಎಫ್, ಅನರ್ಹ, ಮನೆಗೆ ಹೋಗು!

ಇವನ ಚಿತ್ರ ಬರೆದ ಜೋ ಶುಸ್ಟರ್‌ಗೂ ಕಣ್ಣಿನ ಕಾರಣಕ್ಕೇ ಸೇನೆ ಬೇಡ ಅಂದಿತ್ತು, ಅವನದು ನಿಜಕ್ಕೂ ಮಂಜು ಕಣ್ಣು. ಸೀಗಲ್‌ನನ್ನು ಮಾತ್ರ 1943ರಲ್ಲಿ ಸೇನೆ ಕರೆದುಕೊಂಡಿತು. ಸೂಪರ್‌ಮ್ಯಾನ್ ಹಕ್ಕನ್ನು ಇಬ್ಬರೂ 1938ರಲ್ಲೇ 130 ಡಾಲರ್‌ಗೆ ಮಾರಿ ಕೂತಿದ್ದರು.

ಸರಿ, ಉಕ್ಕಿನ ಮನುಷ್ಯನಿಗೆ ಏನು ಕೆಲಸ ಸಿಕ್ಕಿತು? 1943ರ ಮಾರ್ಚ್‌ನ 'ಆಕ್ಷನ್ ಕಾಮಿಕ್ಸ್' ಮುಖಪುಟ ನೋಡಿ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ನಿಂತು ಪೋಸ್ಟರ್ ಅಚ್ಚು ಹಾಕುತ್ತಿದ್ದಾನೆ: ಬಾಂಡು, ಸ್ಟಾಂಪು (ಯುದ್ಧದ ಖರ್ಚಿಗೆ ಸರ್ಕಾರ ಮಾರುತ್ತಿದ್ದ ಉಳಿತಾಯ ಪತ್ರಗಳು) ಕೊಂಡು ಜಪಾನಿಯ ಕಪಾಳಕ್ಕೆ ಬಾರಿಸಿ! ಯುದ್ಧದ ಸ್ಟಾಂಪು 10 ಸೆಂಟ್, ಕಾಮಿಕ್ಸ್ ಪುಸ್ತಕಕ್ಕೂ 10 ಸೆಂಟ್. ಹುಡುಗನ ಜೇಬಲ್ಲಿರುವುದು ಒಂದೇ ನಾಣ್ಯ ಅಂದ್ರೆ ಮೊದಲು ಯಾರ ಗಲ್ಲಾಪೆಟ್ಟಿಗೆಗೆ ಹೋಯಿತು ಅಂತ ಬಿಡಿಸಿ ಹೇಳಬೇಕಾ?

ಇನ್ನೊಬ್ಬ ಕಾಮಿಕ್ಸ್ ಹೀರೋ ಕ್ಯಾಪ್ಟನ್ ಅಮೆರಿಕ ಇನ್ನೂ ಜೋರು. ದೇಶ ಯುದ್ಧಕ್ಕೆ ಇಳಿಯುವ ಒಂದು ವರ್ಷ ಮುಂಚೆಯೇ, 1940ರ ಡಿಸೆಂಬರ್‌ನಲ್ಲಿ, ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿದ್ದ. ಆ ಗುದ್ದು ಬರೆದ ಜ್ಯಾಕ್ ಕರ್ಬಿ 1943ರಲ್ಲಿ ಸೈನಿಕನಾದ. ಫ್ರಾನ್ಸ್‌ಗೆ ಹೋದಾಗ, ಓಹೋ, ನೀನು ಚಿತ್ರ ಬರೆಯೋನಲ್ವಾ ಅಂತ ಅಧಿಕಾರಿಗೆ ಖುಷಿಯಾಗಿ, ಎಲ್ಲರಿಗಿಂತ ಮುಂದೆ ನುಸುಳಿ ಶತ್ರುವಿನ ಊರುಗಳ ನಕ್ಷೆ ಬರೆದುಕೊಂಡು ಬಾ ಅಂತ ಕಳಿಸಿದರು. ಚೆನ್ನಾಗಿ ಚಿತ್ರ ಬರೆದಿದ್ದಕ್ಕೆ ಸಿಕ್ಕ ಬಹುಮಾನ. ಚಳಿಗೆ ಎರಡೂ ಕಾಲು ಮರಗಟ್ಟಿ ಆಸ್ಪತ್ರೆ ಸೇರಿದ.

ಅತ್ತ ಊರಲ್ಲಿ, 10 ಸೆಂಟ್ ಪುಸ್ತಕದಲ್ಲಿ, ಕ್ಯಾಪ್ಟನ್ ಗುದ್ದುತ್ತಲೇ ಇದ್ದ. ಅವನ ಕೆಂಪು ಬೂಟಿಗೆ ಒಂದು ಚೂರು ಕೆಸರೂ ಮೆತ್ತಿರಲಿಲ್ಲ.